ಯಾವುದರ ಸೀಸನ್ ಸ್ವಾಮಿ?

ಮುಂಗಾರಿನ ಮೊದಲ ನಾಲ್ಕು ಹನಿ ಬಿದ್ದರೆ ಸಾಕು, ಬೆಂಗಳೂರಿನಲ್ಲಿ ಪ್ಲಾನು ಶುರು. ಶುಕ್ರವಾರ ರಾತ್ರಿ ಟೆಂಪೋ ಟ್ರಾವೆಲರ್, ಬೆಳಿಗ್ಗೆ ತರೀಕೆರೆಯಲ್ಲಿ ಇಡ್ಲಿ, ಲಿಂಗದಹಳ್ಳಿ ದಾಟಿ ಕಲ್ಲತ್ತಿಗಿರಿ, ಅಲ್ಲಿ ಬಂಡೆ ಹತ್ತೋದು, ಮಧ್ಯಾಹ್ನ ಕೆಮ್ಮಣ್ಣುಗುಂಡಿ. ಯಾರಿಗೆ ಕಿಟಕಿ ಸೀಟು, ಎಷ್ಟು ಪ್ಯಾಕೆಟ್ ಚಿಪ್ಸು, ಯಾರ ಕ್ಯಾಮೆರಾ... ಎಲ್ಲಾ ಪಟ್ಟಿಯಲ್ಲಿರುತ್ತೆ. ನಿನ್ನೆ ರಾತ್ರಿ ಬೆಟ್ಟದ ಮೇಲೆ ಎಷ್ಟು ಮಳೆ ಬಿತ್ತು ಅನ್ನೋದೊಂದು ಬಿಟ್ಟು! ಕೇಳಿದರೆ, "ರಶ್ ಆಗೋ ಮುಂಚೆ ಹೋಗಿ ಬಂದ್ಬಿಡೋಣ, ಸೀಸನ್ ಈಗ ತಾನೇ ಶುರು" ಅಂತಾರೆ.

ಯಾವುದರ ಸೀಸನ್ ಸ್ವಾಮಿ? ನೀರಿನದೋ, ಬಂಡೆಯದೋ?

ಎರಡೂ ಬೇರೆ ಬೇರೆ. ಹಗ್ಗ ಕಟ್ಟಿಕೊಂಡು ಬಂಡೆ ಹತ್ತುವವರು ಬಾದಾಮಿಗೆ ಹೋಗೋದು ಚಳಿಗಾಲದಲ್ಲಿ. ಮರಳುಗಲ್ಲು ನೀರು ಕುಡಿದರೆ ಬಲ ಕಳೆದುಕೊಳ್ಳುತ್ತೆ, ಹಿಡಿದ ಚೂರು ಕೈಗೇ ಬರುತ್ತೆ. ರಾಮನಗರದ ಕಲ್ಲು ಗಟ್ಟಿ, ಆದರೆ ಒದ್ದೆಯಾದರೆ ಅದೂ ಜಾರುತ್ತೆ. ನಮ್ಮ ಬಾಬಾಬುಡನ್ ಸಾಲಿನ ಕಥೆ ಹೇಳಬೇಕಾ? ಹೆಸರಲ್ಲೇ ಕೆಮ್ಮಣ್ಣು ಇದೆ! ಭದ್ರಾವತಿ ಕಾರ್ಖಾನೆಗೆ ಅದಿರು ಹೋಗಿದ್ದು ಇಲ್ಲಿಂದಲೇ. ಅಲ್ಲಿನ ಪಾಚಿ ಹಿಡಿದ ಕಲ್ಲಿನ ಮೇಲೆ ಬಾತ್‌ರೂಮ್ ಚಪ್ಪಲಿ ಹಾಕಿಕೊಂಡು ಹತ್ತುವ ಮಹಾನುಭಾವರನ್ನು ನೋಡಿದ್ದೇನೆ. ಅದಕ್ಕೆ ಅಡ್ವೆಂಚರ್ ಅಂತ ಹೆಸರು ಬೇರೆ :-)

ಅದಕ್ಕಿಂತ ಮೋಸದ್ದು ಇಲ್ಲಿನ ಮಳೆ. ಪಶ್ಚಿಮದಿಂದ ಬಂದ ಮೋಡ ಬೆಟ್ಟಕ್ಕೆ ಡಿಕ್ಕಿ ಹೊಡೆದು ಅಲ್ಲೇ ಸುರಿದುಬಿಡುತ್ತೆ, ಪೂರ್ವಕ್ಕೆ ಅಜ್ಜಂಪುರದ ಕಡೆ ಬಯಲುಸೀಮೆ, ಆಕಾಶ ನೋಡುತ್ತಾ ಕೂರಬೇಕು. ಲಿಂಗದಹಳ್ಳಿ ಇರೋದು ಇವೆರಡರ ನಡುವೆ, ಬೆಟ್ಟದ ಬುಡದಲ್ಲಿ. ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿಯುವಾಗ ಬಿಸಿಲಿರಬಹುದು, ಅದೇ ಹೊತ್ತಿಗೆ 1434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಯಲ್ಲಿ ಕೊಡದಲ್ಲಿ ಹೊಯ್ದ ಹಾಗೆ ಸುರಿಯುತ್ತಿರಬಹುದು. ಕಲ್ಲತ್ತಿಯಲ್ಲಿ ವೀರಭದ್ರನ ಗುಡಿ ಪಕ್ಕ ನಿಂತವನಿಗೆ ತಲೆ ಮೇಲಿನ ಆಕಾಶವಷ್ಟೇ ಕಾಣೋದು. ನೀರು ಬರೋದು ಅವನಿಗೆ ಕಾಣದ ಜಾಗದಿಂದ.

ಇದು ನಮ್ಮೂರಿನ ವಿಚಿತ್ರವೇನಲ್ಲ. 1997ರ ಆಗಸ್ಟ್ 12ರಂದು ಅಮೆರಿಕದ ಅರಿಜೋನಾದಲ್ಲಿ, ಆಂಟೆಲೋಪ್ ಅನ್ನುವ ಕಿರಿದಾದ ಕಲ್ಲಿನ ಕಮರಿಯೊಳಗೆ 11 ಜನ ಕೊಚ್ಚಿಹೋದರು. ದೊಡ್ಡ ಮಳೆ ಬಿದ್ದಿದ್ದು ಮೈಲಿಗಟ್ಟಲೆ ದೂರದಲ್ಲಿ. 1999ರ ಜುಲೈ 27ರಂದು ಸ್ವಿಟ್ಜರ್ಲೆಂಡಿನ ಸಾಕ್ಸೆಟ್‌ಬಾಖ್ ಕಮರಿಯಲ್ಲಿ 21 ಜನ ಸತ್ತರು, ಅದರಲ್ಲಿ ದಾರಿ ತೋರಿಸುವ ಗೈಡುಗಳೂ ಇದ್ದರು. ಇನ್ನು ನಮ್ಮ ಪಕ್ಕದಲ್ಲೇ, ಮೇ 2024ರಲ್ಲಿ, ಮುಂಗಾರು ಕಾಲಿಡುವ ಮೊದಲೇ ಕುಟ್ರಾಲಂನ ಹಳೇ ಜಲಪಾತದಲ್ಲಿ 17 ವರ್ಷದ ಹುಡುಗ ಹೋದ. ಜೂನ್ 30ಕ್ಕೆ ಲೋನಾವಳದ ಭುಶಿ ಅಣೆಕಟ್ಟಿನ ಹಿಂದೆ ಒಂದೇ ಕುಟುಂಬದ ಐವರು ಬಂಡೆ ಮೇಲೆ ಒಬ್ಬರನ್ನೊಬ್ಬರು ಹಿಡಿದು ನಿಂತಿದ್ದ ವಿಡಿಯೋ ನೀವೂ ನೋಡಿರುತ್ತೀರಿ. ಇವರ‍್ಯಾರೂ ಕುಡಿದು ಕುಣಿದವರಲ್ಲ. "ಯುವಕರ ಹುಚ್ಚಾಟ" ಅಂತ ಹೆಡ್‌ಲೈನ್ ಕೊಟ್ಟು ಮರೆಯುವುದು ಸುಲಭ, ಅಷ್ಟೇ.

ಇನ್ನು ಸರ್ಕಾರದ ಬುದ್ಧಿ. ಯಾರಾದರೂ ಸತ್ತರೆ "ಪ್ರವೇಶ ನಿಷೇಧಿಸಲಾಗಿದೆ", ತಿಂಗಳು ಬಿಟ್ಟು ಮತ್ತೆ ಓಪನ್. ಜನವರಿ 2024ರಲ್ಲಿ ಕುಮಾರಪರ್ವತದಲ್ಲಿ ಜಾತ್ರೆ ಸೇರಿದ ಮೇಲೆ ಚಾರಣ ನಿಲ್ಲಿಸಿ ಆನ್‌ಲೈನ್ ಬುಕಿಂಗ್ ತಂದರು. ಒಳ್ಳೇದೇ. ಆದರೆ ಎಷ್ಟು ಜನ ಹತ್ತಬೇಕು ಅನ್ನೋದು ಕಾಡಿನ ಲೆಕ್ಕ, ನೀರಿನ ಲೆಕ್ಕ ಅಲ್ಲ. ಟಿಕೆಟ್ ಇದ್ದವನನ್ನೂ ಹಳ್ಳ ಎಳೆದುಕೊಂಡು ಹೋಗುತ್ತೆ.

ನೀರಿನ ಲೆಕ್ಕ ನಮ್ಮಲ್ಲಿ ಇಲ್ಲವಾ? ಇದೆ! ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನೇ ಮಾಹಿತಿ ಕಳಿಸುವ ಮಳೆಮಾಪಕ ಇಟ್ಟಿದೆ, 15 ನಿಮಿಷಕ್ಕೊಮ್ಮೆ ಅಂಕಿ ಬರುತ್ತೆ. ರೈತರು ವರುಣಮಿತ್ರಕ್ಕೆ ಫೋನ್ ಮಾಡಿ ಬಿತ್ತನೆಗೆ ಮಳೆ ವಿಚಾರಿಸುತ್ತಾರೆ. ಜೋಳ ಬಿತ್ತಲು ವಿಚಾರಿಸುವಷ್ಟು ಎಚ್ಚರ, ಮಗನನ್ನು ಬಂಡೆ ಹತ್ತಲು ಕಳಿಸುವಾಗ ಬೇಡವಾ?

ನಾನು ಕೇಳೋದು ಇಷ್ಟು. ಬೆಟ್ಟದ ಮೇಲಿನ ಮಳೆ ಅಂಕಿಯನ್ನು ಗಂಟೆಗೊಮ್ಮೆ ಲಿಂಗದಹಳ್ಳಿಯಲ್ಲಿ, ಘಾಟಿ ಹತ್ತುವ ಮುಂಚೆ ಕಣ್ಣಿಗೆ ರಾಚುವ ಹಾಗೆ ಬರೆದು ಹಾಕಲಿ. ಸೀಮೆಸುಣ್ಣ, ಕಪ್ಪುಹಲಗೆ ಸಾಕು, ಟೆಂಡರ್ ಬೇಡ. ಮಿತಿ ದಾಟಿದರೆ ಆ ದಿನ ಮಾತ್ರ ಹಳ್ಳ ಬಂದ್, ಮಿಕ್ಕ ದಿನ ಜನ ಆರಾಮಾಗಿ ಬರಲಿ, ಅಂಗಡಿಯವರಿಗೂ ನಾಲ್ಕು ಕಾಸು ಹುಟ್ಟಲಿ.

ಪ್ಲಾನು ಮಾಡುವವರಿಗೆ: ಬಂಡೆಯೇ ಬೇಕಿದ್ದರೆ ನವೆಂಬರ್ ತನಕ ಕಾಯಿರಿ. ನೀರು ನೋಡಲು ಬರುವುದಾದರೆ ಗುಡಿ ಹತ್ತಿರ ನಿಂತು ನೋಡಿ, ಮೇಲಿನ ಬಂಡೆಗೆ ಹೋಗಬೇಡಿ. ತಿಳಿಯಾಗಿದ್ದ ನೀರು ಕೆಂಪಗಾದರೆ, ತರಗೆಲೆ ಕಡ್ಡಿ ತೇಲಿ ಬಂದರೆ, ಸದ್ದು ಬದಲಾದರೆ ಕ್ಯಾಮೆರಾ ಬಿಟ್ಟು ಮೇಲಕ್ಕೆ ಹತ್ತಿ. ಫೋಟೋ ಆಮೇಲೆ.