‘ಅಯ್ಯೋ ಪಾಪ’ ಎಂದರೆ ಸಾಲದು

ಮರೆವಿನ ಕಾಯಿಲೆ ಎಪ್ಪತ್ತು ದಾಟಿದವರಿಗೆ ಮಾತ್ರ ಎಂದು ನಮ್ಮಲ್ಲಿ ಬಹುಮಂದಿ ತಿಳಿದಿದ್ದಾರೆ. ಐವತ್ನಾಲ್ಕರ ಗಂಡಸು ಮನೆಯ ದಾರಿ ತಪ್ಪಿದರೆ ಕುಡಿತವೆನ್ನುತ್ತಾರೆ. ಕಚೇರಿಯ ಲೆಕ್ಕ ತಪ್ಪಿದರೆ ಸೋಮಾರಿತನವೆನ್ನುತ್ತಾರೆ. ಕೇಳಿದ್ದನ್ನೇ ಹತ್ತು ಸಲ ಕೇಳಿದರೆ ಹೆಂಡತಿಯ ಕಾಟವೆನ್ನುತ್ತಾರೆ. ನನ್ನ ಭಾವನವರ ವಿಷಯದಲ್ಲಿ ಈ ಮೂರನ್ನೂ ಕೇಳಿದ್ದೇನೆ, ಅದೂ ಕನ್ನಡಿಗರ ಬಾಯಿಂದಲೇ.

ಡಾಕ್ಟರ್ ಆಲ್ಜೈಮರ್ 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ ಕಂಡ ಆ ಪ್ರಸಿದ್ಧ ರೋಗಿ ಮುದುಕಿಯಲ್ಲ. 51 ವರ್ಷದ ಹೆಂಗಸು, ಒಬ್ಬ ರೈಲ್ವೆ ಗುಮಾಸ್ತನ ಹೆಂಡತಿ. ಅಂದರೆ ಆ ರೋಗ ವೈದ್ಯರ ಪುಸ್ತಕ ಸೇರಿದ್ದೇ ನಡುವಯಸ್ಸಿನವರಿಂದ. ಇನ್ನೊಂದು ಬಗೆಯಲ್ಲಿ ಮಿದುಳಿನ ಮುಂಭಾಗ ಸವೆದು, ನೆನಪಿಗಿಂತ ಮುಂಚೆ ನಡತೆಯೇ ಕೆಡುತ್ತದೆ. ಬಿ12 ಕೊರತೆ, ಥೈರಾಯ್ಡ್ ದೋಷಗಳಿಂದಲೂ ಮರೆವು ಬರುವುದುಂಟು, ಅವಕ್ಕೆ ಔಷಧವಿದೆ. ಆದುದರಿಂದ ಮೊದಲು ಬೇಕಾದವನು ಡಾಕ್ಟರು, ಮಂತ್ರವಾದಿಯಲ್ಲ.

‘ಮರೆವು ನಮಗೂ ಇದೆ ಬಿಡಿ’ ಎಂದು ಸಮಾಧಾನ ಹೇಳುವವರಿದ್ದಾರೆ. ಬಸ್ಸಿನಲ್ಲಿ ಕೊಡೆ ಮರೆತು ಬರುವುದಕ್ಕೂ, ಮಳೆಯಲ್ಲಿ ಕೊಡೆ ಬಿಚ್ಚುವ ಬಗೆ ತಿಳಿಯದೆ ನಿಲ್ಲುವುದಕ್ಕೂ ಅಜಗಜಾಂತರ.

‘ಸ್ವಯಂ ನಿವೃತ್ತಿ ಕೊಡಿಸಿಬಿಡಿ’ ಎನ್ನುವ ಸಲಹೆಗಾರರಿಗೂ ಕೊರತೆಯಿಲ್ಲ. ಮಗಳ ಕಾಲೇಜು ಶುಲ್ಕ, ಮನೆಸಾಲದ ಕಂತು ಯಾರು ಕಟ್ಟಬೇಕು? 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 20ನೆಯ ಕಲಮನ್ನು ಇವರು ಓದಲಿ. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದ ಸರ್ಕಾರಿ ನೌಕರನನ್ನು ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಅದೇ ಸಂಬಳದಲ್ಲಿ ಬೇರೆ ಹುದ್ದೆಗೆ ಹಾಕಬಹುದು. ನೆನಪು, ವಿವೇಚನೆಗಳನ್ನು ತೀವ್ರವಾಗಿ ಕೆಡಿಸುವ ಕಾಯಿಲೆಯೂ ಆ ಕಾಯಿದೆಯ ಪಟ್ಟಿಯಲ್ಲಿದೆ.

ಇನ್ನು ನಮ್ಮ ಸಂಘದ ಮಾತು. ಪ್ರತಿ ನವೆಂಬರಿನಲ್ಲೂ ‘ಕನ್ನಡ ಉಳಿಸಿ’ ಎಂದು ಭಾಷಣ ಮಾಡುತ್ತೇವೆ. ಹಲವು ಭಾಷೆ ಬಲ್ಲ ಇಂಥ ರೋಗಿಗಳಲ್ಲಿ ಕೆಲವರಿಗೆ ಆಮೇಲೆ ಕಲಿತ ನುಡಿ ಮೊದಲು ಜಾರಿ, ತಾಯ್ನುಡಿ ಹೆಚ್ಚು ಕಾಲ ನಿಲ್ಲುತ್ತದೆ. ಭಾವನವರ ಹಿಂದಿ ಹೋಯಿತು; ಕನ್ನಡ ಇನ್ನೂ ಇದೆ. ಈ ದೆಹಲಿಯಲ್ಲಿ ಅದನ್ನು ಕೇಳಬೇಕಾದವರು ನಾವಲ್ಲದೆ ಮತ್ತಾರು? ನಾವೋ, ‘ಅವರಿಗೇನು ತಿಳಿಯುತ್ತದೆ’ ಎಂದು ಕರೆಯೋಲೆ ಕಳಿಸುವುದನ್ನೇ ನಿಲ್ಲಿಸಿದ್ದೇವೆ!

ಬಂಧುಗಳೇ, ಕೇಳುವುದು ಚಂದಾ ಅಲ್ಲ. ಅವರನ್ನು ಸಮಾರಂಭಕ್ಕೆ ಕರೆಯಿರಿ. ‘ನಾನು ಯಾರು, ಹೇಳಿ ನೋಡೋಣ’ ಎಂದು ಪರೀಕ್ಷೆ ಮಾಡದೆ, ನಿಮ್ಮ ಹೆಸರನ್ನು ನೀವೇ ಹೇಳಿ. ಮತ್ತೆ ಕೇಳಿದರೆ ಮೊದಲ ಸಲದಂತೆಯೇ ಉತ್ತರಿಸಿ. ಭಾನುವಾರ ಒಂದು ಗಂಟೆ ಅವರ ಬಳಿ ಕುಳಿತರೆ ಅಕ್ಕ ಪೇಟೆಗೆ ಹೋಗಿ ಬಂದಾಳು. ಇಷ್ಟೂ ಆಗದೆ ಫೋನಿನಲ್ಲಿ ‘ಅಯ್ಯೋ ಪಾಪ’ ಎನ್ನುವವರು ದಯಮಾಡಿ ಆ ತೊಂದರೆಯನ್ನೂ ತೆಗೆದುಕೊಳ್ಳದಿರಲಿ.