ಕಣಜ ತುಂಬುವ ಕಾಲ

ಕುಮಟಾದಿಂದ ಹೊನ್ನಾವರಕ್ಕೆ ಹೊರಟ ಬಸ್ಸಿನಲ್ಲಿ ಹುಡುಗನೊಬ್ಬ ಗೆಳೆಯನಿಗೆ ಹೇಳುತ್ತಿದ್ದ: “ಈಗ್ಲೇ ಟೆಸ್ಟೋಸ್ಟೆರಾನ್ ಏರಿಸ್ಕಂಡ್ರೆ ಮುದುಕಾದ್ಮೇಲೆ ಚಿಂತೆಯಿಲ್ಲ ಮಾರಾಯ.” ಜಿಮ್ಮಿನ ಮೈಕಟ್ಟು, ಬ್ಯಾಂಕಿನ ಠೇವಣಿಯ ಲೆಕ್ಕ. ಹಾರ್ಮೋನು ಕೂಡಿಡುವ ವಸ್ತುವೇ ಅಲ್ಲ. ರಕ್ತದಲ್ಲಿ ಓಡಾಡುವ ಓಲೆ. ಓದಿದ ಮೇಲೆ ಹರಿದುಹೋಗುತ್ತದೆ. ಉಳಿಯುವುದು ಅದು ಕಟ್ಟಿಸಿದ ಮೂಳೆ, ಮಾಂಸಖಂಡ.

ಮೂಳೆಯ ಕಣಜ ತುಂಬುವುದು ಸುಮಾರು 30ರೊಳಗೆ. ಆಮೇಲೆ ಖರ್ಚಿನ ಬಾಬತ್ತು. ಮುಟ್ಟು ನಿಂತು ಈಸ್ಟ್ರೋಜನ್ ಇಳಿದಾಗ ಹೆಂಗಸರಲ್ಲಿ ಸೋರಿಕೆ ಇನ್ನೂ ಜೋರು. ಈಸ್ಟ್ರೋಜನ್ ಹೆಂಗಸರದ್ದಷ್ಟೇ ಎನ್ನುವವರು 1994ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದ 28ರ ಗಂಡಸಿನ ಕಥೆ ಕೇಳಬೇಕು. ಎತ್ತರ 204 ಸೆಂಟಿಮೀಟರ್, ಇನ್ನೂ ಬೆಳೆಯುತ್ತಲೇ ಇದ್ದ. ಟೆಸ್ಟೋಸ್ಟೆರಾನ್ ಸರಿಯಾಗಿತ್ತು, ಈಸ್ಟ್ರೋಜನ್ನೂ ಬೇಕಾದಷ್ಟಿತ್ತು. ಆದರೆ ಅದರ ಮಾತು ಕೇಳಿಸಿಕೊಳ್ಳುವ ಗ್ರಾಹಕವೇ ಜೀವಕೋಶಗಳಲ್ಲಿ ಕೆಟ್ಟಿತ್ತು, ಮೂಳೆ ಟೊಳ್ಳಾಗಿತ್ತು. ರಕ್ತಪರೀಕ್ಷೆಯ ಚೀಟಿ ಹಿಡಿದು ಮುಪ್ಪಿನ ಜಾತಕ ಬರೆಯಲಾಗದು. ಕೊರಿಯಾದ ಅರಮನೆಯಲ್ಲಿ ಬೀಜ ತೆಗೆಸಿಕೊಂಡಿದ್ದ ಸೇವಕರಂತೂ ತಮ್ಮದೇ ಅಂತಸ್ತಿನ ಗಂಡಸರಿಗಿಂತ 14ರಿಂದ 19 ವರ್ಷ ಹೆಚ್ಚು ಬದುಕಿದ್ದರೆಂದು 2012ರ ಅಧ್ಯಯನವೊಂದು ಲೆಕ್ಕ ಹಾಕಿತು. ಬಸ್ಸಿನ ಹುಡುಗನಿಗೆ ಇದನ್ನು ಹೇಳುವ ಧೈರ್ಯ ನನಗಾಗಲಿಲ್ಲ.

ಮೂಳೆಯ ಕಣಜ ಹೇಗೆ ತುಂಬುತ್ತದೆಂದು ತಿಳಿಯಲು ಅಘನಾಶಿನಿ ಹೊಳೆಯ ಇಳಿತದಲ್ಲಿ ಬಳಚು ಹೆಕ್ಕಿ ಬುಟ್ಟಿ ಹೊತ್ತು ಬರುವ ಹೆಣ್ಣುಮಕ್ಕಳನ್ನು ನೋಡಿ. ಭಾರ ಬಿದ್ದರಷ್ಟೇ ಮೂಳೆಗೆ ತಾನು ಗಟ್ಟಿಯಾಗಬೇಕೆಂಬ ಸುದ್ದಿ ಮುಟ್ಟುತ್ತದೆ. ಮೇಲೆ ಮೂಳೆಗೆ ಬೇಕಾದ ಬಿಸಿಲು, ತಟ್ಟೆಯಲ್ಲಿ ಮುಳ್ಳುಸಮೇತ ಅಗಿಯುವ ತಾರ್ಲೆ ಮೀನು. ಭಟ್ಕಳದಿಂದ ಕೊಲ್ಲಿಗೆ ಹೋಗಿ ಏಸಿ ಅಂಗಡಿಯೊಳಗೆ ಹಗಲು ಕಳೆಯುವವನಿಗೆ ಮರುಭೂಮಿಯಲ್ಲೂ ಬಿಸಿಲಿಲ್ಲ. ಹಾಗೆಂದು ಹೊರೆಯನ್ನು ಕೊಂಡಾಡಲಾರೆ. ಹೊಟ್ಟೆಗೆ ಕಡಿಮೆಯಾದರೆ ಅದೇ ಬುಟ್ಟಿ ಬೆನ್ನು ಮುರಿಯುತ್ತದೆ.

ನಿಜಕ್ಕೂ ಹಾರ್ಮೋನಿನ ಕೊರತೆಯಿರುವವರ ಪಾಡೇನು ಎಂದು ಕೇಳಿದರೆ, ಅದು ನ್ಯಾಯವಾದ ಪ್ರಶ್ನೆ. ಇಪ್ಪತ್ತರಲ್ಲೇ ತಿಂಗಳುಗಟ್ಟಲೆ ಮುಟ್ಟು ನಿಂತ ಹುಡುಗಿಗೆ ಕಾರಣ ಹುಡುಕಲೇಬೇಕು. “ಮಕ್ಕಳಾದವಲ್ಲ, ಎಲ್ಲಾ ತೆಗೆಸಿಬಿಡು” ಎಂಬ ಮಾತು ಕೇಳಿ ನಲವತ್ತರೊಳಗೇ ಅಂಡಾಶಯ ಕಳೆದುಕೊಂಡಾಕೆಗೆ ಈಸ್ಟ್ರೋಜನ್ ಔಷಧಿಯೇ ಹೊರತು ಷೋಕಿಯಲ್ಲ. ಅಪಾಯ ಕಂಡು 2002ರಲ್ಲಿ ಅರ್ಧಕ್ಕೆ ನಿಂತ ಅಮೆರಿಕದ ಹಾರ್ಮೋನು ಪ್ರಯೋಗ ನಡೆದದ್ದು 50 ದಾಟಿದವರ ಮೇಲೆ. ಆ ಹೆದರಿಕೆಯನ್ನು ಇವಳ ತಲೆಗೆ ಕಟ್ಟುವುದು ಅನ್ಯಾಯ.

ಗಟ್ಟಿಮುಟ್ಟಾದ ಹುಡುಗ ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಂಡರೆ ಆಗುವುದೇ ಬೇರೆ. ಹೊರಗಿಂದ ಸರಕು ಬಂತೆಂದು ಮಿದುಳಿನಡಿಯ ಪಿಟ್ಯುಟರಿ ಗ್ರಂಥಿ ಆಜ್ಞೆ ಕಳಿಸುವುದನ್ನು ಬಿಡುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣು ಇಳಿಯುತ್ತವೆ. ಸೂಜಿ ಬಿಟ್ಟ ಮೇಲೂ ಆ ಕಾರ್ಖಾನೆ ಮತ್ತೆ ತೆರೆಯಲು ತಿಂಗಳುಗಳು ಹಿಡಿಯುತ್ತವೆ, ಕೆಲವರಿಗೆ ವರ್ಷವೂ.