ಅಶೋಕದ ತೊಗಟೆಯೂ ಪರೀಕ್ಷಕರ ಶಿಕ್ಷಣವೂ

ಔಷಧಗಳ ಕಲಬೆರಕೆಯನ್ನು ತಡೆಯಲು ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. 1940ನೆಯ ಇಸವಿಯ ಔಷಧ ಶಾಸನಕ್ಕೆ 1964ರಲ್ಲಿ ತಿದ್ದುಪಡಿಯಾಗಿ ಆಯುರ್ವೇದ, ಯುನಾನಿ ಔಷಧಗಳೂ ಅದರ ಅಂಕೆಗೊಳಪಟ್ಟವು. ಕೊರತೆಯಿರುವುದು ಕಲಬೆರಕೆಯನ್ನು ಕಂಡುಹಿಡಿಯಬಲ್ಲ ಕಣ್ಣುಗಳಿಗೆ.

ಅಶೋಕದ ತೊಗಟೆಯನ್ನೇ ನೋಡಿರಿ. ಸ್ತ್ರೀಯರ ವ್ಯಾಧಿಗಳಿಗೆ ಕೊಡುವ ಅಶೋಕಾರಿಷ್ಟಕ್ಕೆ ಇದೇ ಮೂಲದ್ರವ್ಯ. ನಿಜವಾದ ಅಶೋಕವು ಪಶ್ಚಿಮಘಟ್ಟದ ಕಾಡುಗಳಲ್ಲಿ ಬೆಳೆಯುವ, ಹುಣಿಸೆಯ ಕುಲಕ್ಕೆ ಸೇರಿದ ಮರ. ತೊಗಟೆಗಾಗಿ ಕಡಿದು ಕಡಿದು ಈಗ ವಿರಳವಾಗಿದೆ. ಕಚೇರಿಗಳ ಆವರಣದಲ್ಲಿ ಕಂಬದಂತೆ ನೆಟ್ಟಗೆ ನಿಂತಿರುವ, ಜನರು ಅಶೋಕವೆಂದೇ ಕರೆಯುವ ಮರವಾದರೋ ಸೀತಾಫಲದ ಕುಲದ್ದು. ಇದರ ತೊಗಟೆಯೇ ಅದರ ಹೆಸರಿನಲ್ಲಿ ಮಾರಾಟವಾಗುತ್ತದೆ. ಹೆಸರು ಒಂದೇ ಆದುದರಿಂದ ವಂಚಕನಿಗೆ ಸುಳ್ಳಾಡುವ ಶ್ರಮವೂ ಇಲ್ಲ! ರೋಗಿಗಾದರೋ ಹಣವೂ ಹೋಗಿ ವ್ಯಾಧಿಯೂ ಉಳಿಯುತ್ತದೆ.

ತೊಗಟೆಯು ಇಡಿಯಾಗಿರುವಾಗ ಬಲ್ಲವನು ಗುರುತಿಸಿಯಾನು. ಪುಡಿಯಾದ ಮೇಲೆ ಸೂಕ್ಷ್ಮದರ್ಶಕವೂ, ರಾಸಾಯನಿಕ ಅಂಶಗಳನ್ನು ಬೇರ್ಪಡಿಸಿ ತೋರಿಸುವ ತೆಳುಪದರ ಪರೀಕ್ಷೆಯೂ ಬೇಕು. ಕಷಾಯವಾಗಿ ಕುದಿದು ಅರಿಷ್ಟವಾದ ಮೇಲಂತೂ ಡಿ.ಎನ್.ಎ. ಪರೀಕ್ಷೆಯನ್ನು ಅಷ್ಟಾಗಿ ನೆಚ್ಚುವಂತಿಲ್ಲ. ಆದುದರಿಂದ ಸರಕು ಕಾರ್ಖಾನೆಯ ಬಾಗಿಲಿಗೆ ಬಂದಾಗಲೇ ಅದನ್ನು ತಡೆದು ನೋಡಬೇಕು.

ಯಂತ್ರವನ್ನು ಹಣಕೊಟ್ಟು ತರಿಸಬಹುದು. ಅದು ಮೂಡಿಸಿದ ಗೆರೆಗಳನ್ನು ಓದಲು ಕಲಿತವರು ಬೇಕಷ್ಟೆ. ಸರಕಾರವು ಪರಿವೀಕ್ಷಕರಿಗೂ ವಿಶ್ಲೇಷಕರಿಗೂ ನಿಜ ತೊಗಟೆ, ಹುಸಿ ತೊಗಟೆಗಳೆರಡನ್ನೂ ಕೈಗಿತ್ತು ಕಲಿಸುವ ಏರ್ಪಾಡು ಮಾಡಬೇಕೆಂದೂ, ಗ್ರಂಧಿಗೆ ಅಂಗಡಿಗಳ ಹಳೆಯ ಅನುಭವಿಗಳನ್ನು ಈ ಶಿಕ್ಷಣಕ್ಕೆ ಕರೆಯಲು ಸಂಕೋಚಪಡಬಾರದೆಂದೂ ನಾವು ಸೂಚಿಸುತ್ತೇವೆ.